ಕಡ ತಂದ ರಾಶಿ

ಸಾಬಮ್ಮ ಎರಡನೆಯ ಬುಟ್ಟಿ ಜೋಳ ಸುರಿದು, ರಾಶಿಯ ತುದಿಯನ್ನು ಅಂಗೈಯಿಂದ ಚೂಪಾಗಿ ತೀಡುತ್ತಿದ್ದಳು. ಕಮಲಾಪುರದ ಚರ್ಚಿನಲ್ಲಿ ಸುಗ್ಗಿ ಹಬ್ಬಕ್ಕೆ ದೇವರ ಪೀಠದ ಮುಂದೆ ರಾಶಿ ಹಾಕುವುದು ಪ್ರತಿ ವರ್ಷ ಅವಳದೇ ಕೆಲಸ.

“ಇನ್ನೊಂದು ಬುಟ್ಟಿ ತರ್ಲೇನು?” ಎಂದಳು ನೆರೆಮನೆಯ ಶಿವಕಾಂತಮ್ಮ.

“ತಾ ತಾ. ಕಲಬುರ್ಗಿಯಿಂದ ಸಪ್ಲೈ ಸಾಹೇಬ್ರು ಬರಾಕತ್ತಾರ. ನಮ್ಮ ದೇವರು ಬಡವ ಅಂತ ಅವರು ಊರೆಲ್ಲಾ ಹೇಳ್ಕೋತ ಹೋಗಬಾರದು.”

ಹಾಗಾಗಿ ಗೌಡರ ಮನೆಯಿಂದಲೂ ಜೋಳ ಬಂದಿತ್ತು, ಸಂಜೆಗೆ ವಾಪಸು ಮುಟ್ಟಿಸುವ ಮಾತಿನ ಮೇಲೆ. ಹೆಂಗಸರು ಇದನ್ನು ಪಾಸ್ಟರ್ ದೇವೀಂದ್ರಪ್ಪನವರಿಗೆ ಹೇಳಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ ಇದು ಮೂರನೆಯ ಸುಗ್ಗಿ. ನಿಜಾಮರ ಆಳಿಕೆ ಹೋದರೂ ಲೆವಿ ಹೋಗಿರಲಿಲ್ಲ. ಬೆಳೆದ ಬಿಳಿಜೋಳದಲ್ಲಿ ಸರಕಾರದ ಪಾಲನ್ನು ಅಳೆದು ಕೊಟ್ಟು, ಆಮೇಲೆ ರೇಶನ್ ಅಂಗಡಿಯ ಮುಂದೆ ನಿಂತು ಹಡಗಿನಲ್ಲಿ ಬಂದ ಕೆಂಪು ಜೋಳ ತರಬೇಕು. ಈ ಸಲವೂ ಕೊಟ್ಟರೆ ಸಾಬಮ್ಮನ ಮನೆಯ ಕಾಳು ಮಳೆಗಾಲದ ತನಕವೂ ಬರುವಂತಿರಲಿಲ್ಲ. ತುಂಡು ಹೊಲದವರನ್ನು ಲೆವಿಯಿಂದ ಬಿಡಿರೆಂದು ಕೇಳಿಕೊಳ್ಳಲಿಕ್ಕೇ ಪಾಸ್ಟರು ಸಾಹೇಬರನ್ನು ಹಬ್ಬಕ್ಕೆ ಕರೆದಿದ್ದರು.

ಸಾಹೇಬರು ಬಂದರು. ಹಾಡಾಯಿತು. ಪಾಸ್ಟರು ಕಣ್ಣು ಮುಚ್ಚಿ ಮಾಡಿದ ಪ್ರಾರ್ಥನೆ ದೇವರಿಗಿಂತ ಹೆಚ್ಚು ಸಾಹೇಬರ ಕಿವಿಗೇ ಇತ್ತು. ಕೊನೆಗೆ ಸಾಹೇಬರು ಎದ್ದು ನಿಂತು ರಾಶಿಯ ಕಡೆ ಕೈ ಮಾಡಿದರು.

“ಪಾಸ್ಟರ್, ನಿಮ್ಮ ಮಾತು ಕೇಳಿದೆ, ಈ ರಾಶೀನೂ ನೋಡಿದೆ. ದೇವರಿಗೇ ಇಷ್ಟು ಕೊಟ್ಟಾರ ಅಂದ್ರ ಮನ್ಯಾಗ ಎಷ್ಟಿಟ್ಟಿರಬೇಕು! ಲೆವಿ ಮಾಫ್ ಯಾಕ ಮಾಡ್ಲಿ? ಮಂಗಳವಾರ ಅಳಿಯಾಕ ಬರ್ತಾರ.”

ಶಿವಕಾಂತಮ್ಮ ಸಾಬಮ್ಮನ ಪಕ್ಕೆ ತಿವಿದಳು. “ಗೌಡರ ಜ್ವಾಳ ಅಂತ ಹೇಳ ಯವ್ವಾ!”

“ನೀ ಹೇಳು. ದೇವರಿಗೆ ಕಡ ತಂದು ಇಟ್ಟೀವಿ ಅಂತ ದೇವರ ಮುಂದ ನಿಂತು ಹೆಂಗ ಹೇಳ್ಲಿ?”

ಸಾಹೇಬರು ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು, ಅಡುಗೆಯವರನ್ನು ಹೊಗಳಿ ಜೀಪು ಹತ್ತಿದರು.

ಸಂಜೆ ಸಾಬಮ್ಮ ಗೌಡರ ಜೋಳ ಹೊತ್ತು ಹಾಕಿ ಬಂದಾಗ ಗಂಡ ಮಾಪಣ್ಣ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. “ದೇವರನ್ನ ಒಂದಿನದ ಸಾವ್ಕಾರ ಮಾಡಿದ್ರಿ ನೋಡು! ಅದರ ಲೆವಿ ನಾವು ಕಟ್ಟಬೇಕು.”

ಸಾಬಮ್ಮನಿಗೂ ನಗು ಬಂತು. ಒಲೆ ಹಚ್ಚಿ ರೊಟ್ಟಿಗೆ ಕುಳಿತಳು. ಕೆಂಪು ಜೋಳದ ಹಿಟ್ಟು ಬಡಿಯುವಾಗಲೇ ಬಿರಿಯಿತು, ಹಂಚಿನ ಮೇಲೆ ಎರಡು ತುಂಡಾಯಿತು. ಈ ಒಲೆಯ ಮೇಲೆ ಏನು ಬೇಯುತ್ತದೆಂದು ದೇವರಿಗೆ ಗೊತ್ತೇ ಇತ್ತು. ಅವನ ಮುಂದೆ ದೊಡ್ಡಸ್ತಿಕೆ ಮಾಡಿದ್ದೇ ದಂಡ. ಗೊತ್ತಿಲ್ಲದವರು ಸಾಹೇಬರೊಬ್ಬರೇ. ಅವರಿಗೆ ತಾನೇ ತನ್ನ ಕೈಯಾರೆ ಬಿಳಿರೊಟ್ಟಿ ಬಡಿದು ಬಡಿಸಿದ್ದಳು.

ಅವಳು ಮುರಿದ ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟಳು.

“ಯಾರಿಗದು?” ಎಂದ ಮಾಪಣ್ಣ.

“ಇರ್ಲಿ ಬಿಡ್ರಿ.”

ಕಲಬುರ್ಗಿಗೆ ಹೋಗುವ ಮೋಟಾರು ಬಸ್ಸು ಬೆಳಿಗ್ಗೆ ಹೊತ್ತೇರುವ ಮೊದಲೇ ಬರುತ್ತದೆ. ಸಾಹೇಬರ ಕಚೇರಿ ಸ್ಟೇಶನ್ ಬಜಾರದ ಹತ್ತಿರ ಎಂದು ಪಾಸ್ಟರು ಹೇಳಿದ್ದು ಅವಳ ನೆನಪಿನಲ್ಲಿತ್ತು. ಮೊದಲು ಗೌಡರ ಜೋಳದ ಮಾತು ಹೇಳುವುದು, ಆಮೇಲೆ ರೊಟ್ಟಿ ಬಿಚ್ಚಿಡುವುದು. ಸಾಬಮ್ಮ ಒಳ್ಳೆಯ ಸೀರೆಯನ್ನು ಹೊರಗೆ ತೆಗೆದು, ಯಾರಿಗೂ ಕಾಣದಂತೆ ದಿಂಬಿನ ಕೆಳಗೆ ಮಡಚಿಟ್ಟಳು.