ಎರಡನೆಯ ಫೋನು
ಗಿರಾಕಿಗಳಿಗೆಂದು ಮೆಸೇಜಿನಲ್ಲಿ ಕಳಿಸಿದ ಹೊಸ ಡಿಸೈನುಗಳು ಮರುದಿನವೇ ಎದುರಂಗಡಿಯಲ್ಲಿ ತೂಗಾಡತೊಡಗಿದಾಗ ಟೈಲರಮ್ಮನಿಗೆ ದಿಕ್ಕೇ ತೋಚಲಿಲ್ಲ.

"ಬಿಟ್ಟಿ ವೈಫೈ ಬಳಸ್ತೀಯಲ್ಲ, ಅಲ್ಲೇ ಯಾರೋ ಕದೀತಿದಾರೆ ಕಣೇ," ಎಂದಳು ಅವಳಿಗೆ ಮೆಸೇಜಿನ ಖಾತೆ ತೆರೆದುಕೊಟ್ಟಿದ್ದ ಅಕ್ಕ.

ಕಂಪ್ಯೂಟರ್ ರಿಪೇರಿಯವನು ಸುರಕ್ಷಿತ ಸಂಪರ್ಕ ಆನ್ ಮಾಡಿಕೊಟ್ಟ. "ನೋಡಿ, ಮೇಲೆ ವೆಬ್ ವಿಳಾಸದ ಪಕ್ಕ ಬೀಗದ ಗುರುತು ಬಂತು. ಇನ್ನು ದಾರಿ ಮಧ್ಯೆ ಯಾರೂ ಓದೋಕಾಗಲ್ಲ."

ಅವಳು ನಿರಾಳವಾಗಿ ಗಿರಾಕಿಗೆ ರವಿಕೆಯ ಹೊಸ ತೋಳಿನ ಚಿತ್ರ ಕಳಿಸಿದಳು. ಮೂರೇ ದಿನಕ್ಕೆ ಅದೇ ತೋಳು ಎದುರಂಗಡಿಯ ಗಾಜಿನೊಳಗಿಂದ ಅವಳನ್ನು ಅಣಕಿಸಿತು.

ಮತ್ತೆ ಹೋದಾಗ ರಿಪೇರಿಯವನು ಒಂದು ಪಟ್ಟಿ ತೆರೆದ. "ಕಳ್ಳ ದಾರೀಲಿಲ್ಲಮ್ಮ, ಒಳಗೇ ಕೂತಿದಾನೆ. ನಿಮ್ಮ ಖಾತೆ ಇನ್ನೊಂದು ಫೋನಲ್ಲೂ ತೆರೆದಿದೆ. ಇವತ್ತು ಬೆಳಿಗ್ಗೆಯೂ ನೋಡಿದ್ದಾರೆ."

ಪಟ್ಟಿಯಲ್ಲಿ ಆ ಫೋನಿನ ಮುಂದಿದ್ದ ಹೆಸರು ಅಕ್ಕನದು. ಅಲ್ಲಿಂದಲೇ ಅವಳು ಕರೆ ಮಾಡಿದಳು.

"ಅಕ್ಕಾ, ನೀನಾ?"

ಆ ಕಡೆ ಕುಕ್ಕರ್ ಕೂಗಿ ನಿಂತಿತು. "ಹೂಂ, ನಾನೇ. ನಿನ್ನ ಅಂಗಡಿಗೆ ಸೇರಿಸ್ಕೊ ಅಂತ ಎಷ್ಟು ಅಂಗಲಾಚಿದೆ, ಕಿವಿಗೆ ಹಾಕ್ಕೊಂಡ್ಯಾ? ಎದುರಂಗಡಿಯವಳು ಸೇರಿಸ್ಕೊಂಡ್ಲು."

ಅವಳು ಫೋನಿಟ್ಟು, ಪಟ್ಟಿಯಿಂದ ಅಕ್ಕನ ಫೋನು ತೆಗೆಸಿ, ಪಾಸ್‌ವರ್ಡ್ ಬದಲಿಸಿದಳು.

"ಮರೆತರೆ ಸಹಾಯಕ್ಕೆ ಅಂತ ನಿಮ್ಮವರು ಯಾರದ್ದಾದ್ರೂ ನಂಬರ್ ಕೊಡಿ," ಎಂದ ರಿಪೇರಿಯವನು.

ಬಾಯಿಪಾಠವಾಗಿದ್ದದ್ದು ಒಂದೇ ನಂಬರು.

"ಖಾಲಿ ಬಿಡಪ್ಪ," ಎಂದಳು. "ನಾನು ಮರೆಯಲ್ಲ."