ಏಳನೇ ನಂಬರಿನ ಬೆಳ್ಳಿ ಬೂಟು

ದೆಯೊಲಿಂದಾ ಹಲ್ಲುಪುಡಿ ಹಾಕಿ ಬೆಳ್ಳಿ ಬೂಟನ್ನು ತಿಕ್ಕುತ್ತಿದ್ದಳು. ಹೆಬ್ಬೆರಳಿನಷ್ಟು ದೊಡ್ಡ ಬೂಟು, ಕೀಲಿಗೆ ತೂಗುಹಾಕುವಂಥದ್ದು. ಅದರ ಕೀಲಿ ಬಳೆಯಲ್ಲೇ ಒಂದು ಉದ್ದನೆಯ ಹಿತ್ತಾಳೆ ಕೀಲಿ ಕೂಡ ಇತ್ತು. ಚರ್ಚಿನಲ್ಲಿ ಗಂಡನ ಹೆಣ ಕಾಯುತ್ತಿತ್ತು, ಬಾಗಿಲಲ್ಲಿ ಬೆಲ್ಮೀರೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆದರೂ ಅವಳು ಅವಸರ ಮಾಡಲಿಲ್ಲ. ಬೂಟಿನ ಮೇಲೆ ಕೆತ್ತಿದ ಏಳು ಎಂಬ ಅಂಕಿ ಎಲ್ಲರ ಕಣ್ಣಿಗೂ ಹೊಡೆಯಬೇಕಿತ್ತು.

"ಅಕ್ಕಾ, ಪಾದ್ರಿಗಳು ಕಾಯ್ತಿದ್ದಾರೆ," ಎಂದ ಬೆಲ್ಮೀರೊ. ಕ್ರೀಡಾಂಗಣದ ಗೇಟಿನಲ್ಲಿ ನಲವತ್ತು ವರ್ಷ ಟಿಕೆಟು ಹರಿದವನು ಅವನು. "ಅಧ್ಯಕ್ಷರೂ ಬಂದಿದ್ದಾರೆ. ಕ್ಲಬ್ಬಿನ ಬಾವುಟ ತಂದಿದ್ದಾರೆ, ಜೊತೆಗೆ ಟೀವಿಯವರು."

"ಬರಲಿ. ಬರದೇ ಇದ್ದಿದ್ರೆ ನಾನೇ ಹೇಳಿಕಳಿಸ್ತಿದ್ದೆ."

"ಪೆಟ್ಟಿಗೆ ಕೀಲಿ ತಾವೇ ಹಿಡೀತಾರಂತೆ. ನಿನ್ನನ್ನ ಕೇಳು ಅಂದ್ರು."

ದೆಯೊಲಿಂದಾ ನಕ್ಕಳು. ಮೂರು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು, ಬೆಲ್ಮೀರೊಗೆ ಆ ನಗು ಒಂದಿಷ್ಟೂ ಹಿಡಿಸಲಿಲ್ಲ.

ಅರ್ನೆಲೊ ಊರಿನಲ್ಲಿ ಪೂಜೆ ಮುಗಿದ ಮೇಲೆ ಶವಪೆಟ್ಟಿಗೆಗೆ ಬೀಗ ಹಾಕುತ್ತಾರೆ. ಆ ಕೀಲಿಯನ್ನು ಮನೆಯವರು, ಸತ್ತವನ ಪಾಲಿಗೆ ದೊಡ್ಡವರಾದ ಒಬ್ಬರ ಕೈಗೆ ಕೊಡುತ್ತಾರೆ. ಅವರು ಪೆಟ್ಟಿಗೆಯ ಬೆನ್ನಿಗೇ ನಡೆದು, ಗುಂಡಿಯ ಬಳಿ ಕೊನೆಯ ಸಲ ಮುಖ ನೋಡಲು ಬೀಗ ತೆಗೆಯಬೇಕು. ಕೀಲಿ ಯಾರ ಕೈಗೆ ಹೋಯಿತು ಅನ್ನುವುದನ್ನು ಊರು ವರ್ಷಗಟ್ಟಲೆ ಮಾತಾಡುತ್ತದೆ. ನಾಳೆ ಋತುವಿನ ಮೂವತ್ತನಾಲ್ಕನೆಯ, ಕೊನೆಯ ಪಂದ್ಯ. ಒಂದೇ ಒಂದು ಅಂಕ ಸಿಕ್ಕರೆ ಅರ್ನೆಲೊ ಫುಟ್‌ಬಾಲ್ ಕ್ಲಬ್ಬು ಮೊದಲ ದರ್ಜೆಯಲ್ಲಿ ಉಳಿಯುತ್ತದೆ. ಅದಾದ ವಾರಕ್ಕೆ ಕ್ಲಬ್ಬಿನ ಚುನಾವಣೆ. ಅಧ್ಯಕ್ಷ ಸರ್ಮೆಂತೊಗೆ ಈ ಕೀಲಿ ಯಾಕೆ ಬೇಕು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

* * *

ಮೂರು ವರ್ಷದ ಹಿಂದೆಯೂ ಹೀಗೇ ಮೇ ತಿಂಗಳು, ಹೀಗೇ ಕೊನೆಯ ಪಂದ್ಯ, ಹೀಗೇ ಒಂದು ಅಂಕದ ಲೆಕ್ಕ. ಬೆಳಿಗ್ಗೆ ಆರಕ್ಕೆ ಅವಳ ಗಂಡ, ಮೈದಾನದ ಹುಲ್ಲು ನೋಡಿಕೊಳ್ಳುವ ಅದೆಲೀನೊ, ಎಂದಿನಂತೆ ಬರಿಗಾಲಲ್ಲಿ ಮೈದಾನ ಸುತ್ತುತ್ತಿದ್ದ. ಹುಲ್ಲಿಗೆ ನೀರು ಬೇಕೋ ಬೇಡವೋ ಅನ್ನುವುದನ್ನು ಅವನು ಹಿಮ್ಮಡಿಯಿಂದಲೇ ಹೇಳುತ್ತಿದ್ದ. ದೆಯೊಲಿಂದಾ ಬುತ್ತಿ ತಂದು ಮೆಟ್ಟಿಲ ಮೇಲೆ ಕೂತಿದ್ದಳು. ಸರ್ಮೆಂತೊನ ಕಾರು ಗೇಟಿಗೆ ಬಂದು ನಿಂತಿತು.

"ಸಮುದ್ರದ ಕಡೆ ಅರ್ಧಕ್ಕೆ ನೀರು ಬಿಡು. ಕೆರೆ ಆಗಬೇಕು," ಎಂದ ಸರ್ಮೆಂತೊ. "ಮೊದಲರ್ಧದಲ್ಲಿ ಅವರು ಆ ಕಡೆಗೇ ತಾನೇ ನುಗ್ಗೋದು? ಆ ಓಟಗಾರರೆಲ್ಲ ಕೆಸರಲ್ಲಿ ಹೂತುಹೋಗಲಿ. ವಿರಾಮದ ಹೊತ್ತಿಗೆ ಬಿಸಿಲಿಗೆ ಒಣಗುತ್ತೆ."

"ಟಾಸ್ ಅವರು ಗೆದ್ದರೆ, ಸ್ವಾಮಿ? ಬದಿ ಬದಲಾಯಿಸಿದರೆ?"

"ಹನ್ನೆರಡು ವರ್ಷದಿಂದ ಇಲ್ಲಿ ಯಾರೂ ಬದಿ ಬದಲಾಯಿಸಿಲ್ಲ. ನಿಂಗೆ ಹುಲ್ಲು ಗೊತ್ತು, ಫುಟ್‌ಬಾಲ್ ನಂಗೆ ಬಿಡು."

ನೀರಿನ ಕೋಣೆಯ ಕೀಲಿ ಇದ್ದದ್ದು ಸರ್ಮೆಂತೊನ ಬಳಿ. ನೀರು ಪೋಲಾಗುತ್ತದೆ ಎಂದು ಅವನೇ ಅದನ್ನು ಕಿತ್ತಿಟ್ಟುಕೊಂಡಿದ್ದ. ಅದನ್ನು ಬಳೆಯಿಂದ ಬಿಡಿಸುವ ವ್ಯವಧಾನವಿಲ್ಲದೆ ಬೆಳ್ಳಿ ಬೂಟಿನ ಸಮೇತ ಕಿಟಕಿಯಿಂದ ಎಸೆದ. ಇಪ್ಪತ್ತೈದು ವರ್ಷ ಸದಸ್ಯರಾದವರಿಗೆ ಕ್ಲಬ್ಬು ಕೊಡುವ ಬೂಟು ಅದು. ಏಳನೇ ನಂಬರಿನ ಸದಸ್ಯ ತಾನು ಎಂದು ಅವನು ಕಾಫಿ ಅಂಗಡಿಯಲ್ಲಿ ದಿನಾ ಅದನ್ನು ಮೇಜಿನ ಮೇಲೆ ಕುಟ್ಟುತ್ತಿದ್ದ.

ಆ ದಿನ ಬಿಸಿಲು ಬರಲಿಲ್ಲ. ಟಾಸ್ ಗೆದ್ದ ಎದುರಾಳಿ ನಾಯಕ ನೀರು ನೋಡಿದ, ನಕ್ಕ, ಬದಿ ಬದಲಾಯಿಸಿದ. ಮೊದಲರ್ಧದಲ್ಲಿ ಕೆಸರಿಗೆ ನುಗ್ಗಿದ್ದು ನಮ್ಮವರೇ. ಎರಡನೆಯ ಅರ್ಧದಲ್ಲಿ ಆ ಕೆರೆಯನ್ನು ಬೆನ್ನಿಗಿಟ್ಟುಕೊಂಡು ಕಾದವರೂ ನಮ್ಮವರೇ. ಪಂದ್ಯ ಮುಗಿಯಲು ಎಂಟು ನಿಮಿಷ ಇದ್ದಾಗ ನಮ್ಮ ಆಟಗಾರ ವಾಲ್ದೆಮಾರ್ ತನ್ನ ಗೋಲ್‌ಕೀಪರನಿಗೆ ಹಿಂದಕ್ಕೆ ತಳ್ಳಿದ ಚೆಂಡು ನೀರಲ್ಲಿ ಗಕ್ಕನೆ ನಿಂತಿತು. ಎದುರಾಳಿ ಬಂದು ಸುಮ್ಮನೆ ಒಳಗೆ ತಟ್ಟಿದ. ಕ್ಲಬ್ಬು ಕೆಳದರ್ಜೆಗೆ ಬಿತ್ತು. ಮತ್ತೆ ಮೇಲೇರಿದ್ದು ಹೋದ ವರ್ಷವಷ್ಟೇ.

* * *

ಪೂಜೆ ನಡೆಯುತ್ತಿದ್ದಾಗ ಹಿಂದಿನ ಸಾಲಿನ ಪಿಸುಮಾತು ದೆಯೊಲಿಂದಾಳ ಕಿವಿಗೆ ಬೀಳುತ್ತಲೇ ಇತ್ತು.

"ಅಧ್ಯಕ್ಷರದು ದೊಡ್ಡ ಮನಸ್ಸು ಕಣ್ರೀ. ಅಷ್ಟೆಲ್ಲ ಮಾಡಿದವನಿಗೂ ಬಾವುಟ ತಂದಿದ್ದಾರೆ."

"ಕುಡಿದು ನಲ್ಲಿ ಬಿಟ್ಟು ಮಲಗಿದೋನಿಗೆ, ಹೂಂ."

"ಶ್! ಸತ್ತವನ ಎದುರಿಗೆ ಯಾಕೆ?"

ಅದೆಲೀನೊ ಹೊಟ್ಟೆನೋವಿನವನು, ಮದುವೆ ಮನೆಯಲ್ಲೂ ದ್ರಾಕ್ಷಾರಸ ಮುಟ್ಟಿದವನಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಆದರೂ ಸರ್ಮೆಂತೊ ಸದಸ್ಯರ ಸಭೆಯಲ್ಲಿ ಎದ್ದು, ಕೀಲಿ ಯಾವತ್ತೂ ಅದೆಲೀನೊನ ಜೇಬಲ್ಲೇ ಇತ್ತು, ಕುಡಿದು ಮಲಗಿದ ಎಂದಾಗ ಊರು ನಂಬಿತು. ಸೋತವರಿಗೆ ಬಯ್ಯಲು ಒಬ್ಬ ಬೇಕಲ್ಲ. ಬೇಕರಿಯವಳು ಅವನ ಕಡೆ ನೋಡದೆ ಬ್ರೆಡ್ಡು ತಳ್ಳತೊಡಗಿದಳು. ಮನೆಯ ಗೋಡೆಯ ಮೇಲೆ ಯಾರೋ ನಲ್ಲಿಯ ಚಿತ್ರ ಬರೆದರು.

ದೆಯೊಲಿಂದಾ ಓರೆಗಣ್ಣಲ್ಲಿ ನೋಡಿದಳು. ಕಡೆಯ ಕಂಬಕ್ಕೆ ಒರಗಿ ವಾಲ್ದೆಮಾರ್ ನಿಂತಿದ್ದ. ಆ ಒಂದು ಗೋಲಿನಿಂದ ಆಟ ಬಿಟ್ಟು, ಈಗ ಮೀನುದೋಣಿಯಲ್ಲಿ ಮಂಜುಗಡ್ಡೆ ಹೊರುವ ಆಳು. ಅದೆಲೀನೊ ಬದುಕಿದ್ದಾಗ ಎದುರಾದರೆ ಉಗಿದು ರಸ್ತೆ ದಾಟುತ್ತಿದ್ದ. ಇವತ್ತು ಯಾಕೆ ಬಂದ ಅನ್ನುವುದು ಬಹುಶಃ ಅವನಿಗೂ ಗೊತ್ತಿರಲಿಲ್ಲ.

* * *

"ಹೇಳ್ರೀ, ಒಂದು ಮಾತು ಹೇಳಿ," ಎಂದು ಆ ಸಭೆಯ ರಾತ್ರಿ ಅವಳು ಗಂಡನ ಅಂಗಿ ಹಿಡಿದು ಅಲುಗಾಡಿಸಿದ್ದಳು. "ಈ ಬೂಟು ತೋರಿಸಿದರೆ ಸಾಕು!"

"ತೋರಿಸಿದರೆ? ಬೇಕಂತಲೇ ನೀರು ಬಿಟ್ಟರು ಅಂತ ಫುಟ್‌ಬಾಲ್ ಸಂಸ್ಥೆಯವರಿಗೆ ಗೊತ್ತಾದರೆ ಕ್ಲಬ್ಬಿನ ಅಂಕ ಕಡೀತಾರೆ. ಮತ್ತೆ ಮೇಲೇಳೋದೇ ಇಲ್ಲ."

"ಮುಳುಗಲಿ!"

"ನಾನು ಮೂವತ್ತೊಂದು ವರ್ಷ ಬೆಳೆಸಿದ ಹುಲ್ಲು ಕಣೇ ಅದು."

ಸರ್ಮೆಂತೊ ಎರಡು ಸಲ ಆಳು ಕಳಿಸಿ ಬೂಟು ಕೇಳಿಸಿದ. ಹುಲ್ಲಲ್ಲಿ ಎಲ್ಲೋ ಬಿದ್ದುಹೋಯಿತು ಎಂದ ಅದೆಲೀನೊ. ಅವನು ಆಡಿದ ಸುಳ್ಳು ಅದೊಂದೇ. ಧೈರ್ಯ ಬಂದ ಸರ್ಮೆಂತೊ, ಪಂದ್ಯಕ್ಕೆ ಒಂದು ವಾರ ಮೊದಲೇ ಈಜುವಾಗ ಬೂಟು ಸಮುದ್ರದ ಪಾಲಾಯಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದ.

"ನಾನು ಇರೋವರೆಗೆ ಬೇಡ. ಮಾತು ಕೊಡು," ಎಂದಿದ್ದ ಅದೆಲೀನೊ.

"ನೀವು ಇರೋವರೆಗೆ," ಎಂದು ಅವಳು ಮಾತು ಕೊಟ್ಟಳು. ಅದಕ್ಕೆ ಒಂದು ದಿನವೂ ತಪ್ಪಲಿಲ್ಲ. ಬುಧವಾರ ಸಂಜೆ ಅವನ ಎದೆ ನಿಂತಿತು. ಹೆಣಕ್ಕೆ ಬೂಟು ಹಾಕಲು ಬಂದವರನ್ನು ಅವಳು ತಡೆದಳು. ಬರಿಗಾಲಲ್ಲೇ ಹೋಗಲಿ ಎಂದಳು.

* * *

ಚರ್ಚಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಬಂತು. ಬೀಗ ಹಾಕಿದವನು ಸಣ್ಣ ಕೀಲಿಯನ್ನು ದೆಯೊಲಿಂದಾಳ ಎಡಗೈಗೆ ಕೊಟ್ಟ. ಸರ್ಮೆಂತೊ ಮಡಿಚಿದ ಬಾವುಟವನ್ನು ಒಂದು ತೋಳಿನ ಮೇಲೆ ಹೊತ್ತು, ಕ್ಯಾಮೆರಾಕ್ಕೆ ಕಾಣುವಂತೆ ಒಂದು ಹೆಜ್ಜೆ ಸರಿದು, ಅಂಗೈ ಚಾಚಿದ.

"ತಪ್ಪು ಯಾರು ಮಾಡಲ್ಲ ಹೇಳಿ, ಅಮ್ಮಾ. ಕ್ಲಬ್ಬು ಅವನನ್ನ ಕ್ಷಮಿಸಿದೆ."

ಅವಳು ಬಲಗೈಯನ್ನು ಕರಿಯ ಕೋಟಿನ ಜೇಬಿಂದ ತೆಗೆದು, ಮುಷ್ಟಿಯಲ್ಲಿದ್ದುದನ್ನು ಆ ಅಂಗೈ ಮೇಲೆ ಇಟ್ಟಳು.

"ಇದು ನಿಮ್ಮದು. ಆವತ್ತು ಬೆಳಿಗ್ಗೆ ಆರು ಗಂಟೆಗೆ ಕಾರಿನ ಕಿಟಕಿಯಿಂದ ಎಸೆದದ್ದು. ಸಮುದ್ರದ ಕಡೆ ಕೆರೆ ಮಾಡು ಅಂದ್ರಿ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ."

ಹಿತ್ತಾಳೆ ಕೀಲಿಯ ಪಕ್ಕ ಬೆಳ್ಳಿ ಬೂಟು ಹೊಳೆಯಿತು. ಬೆಲ್ಮೀರೊ ಕನ್ನಡಕ ಏರಿಸಿ ಬಾಗಿ ನೋಡಿದ.

"ನೀರಿನ ಕೋಣೆ ಕೀಲಿ," ಎಂದ. ಆಮೇಲೆ, ಗೇಟಿನಲ್ಲಿ ಸೀಟಿನ ನಂಬರು ಕೂಗಿದ ಹಾಗೆ ಗಟ್ಟಿಯಾಗಿ, "ನಂಬರು ಏಳು."

"ಆ ಬೂಟು ಸಮುದ್ರಕ್ಕೆ ಬಿದ್ದಿತ್ತಲ್ಲ?" ಎಂದಳು ಬೇಕರಿಯವಳು.

"ಇದು... ಇದು ಹೇಗೆ..." ಎಂದು ಸರ್ಮೆಂತೊ ತೊದಲಿದ. "ಅಮ್ಮಾ, ನಾಳೆ ಪಂದ್ಯ ಇದೆ. ಅಂಕ ಕಡೀತಾರೆ. ನಿಮ್ಮ ಗಂಡನ ಕ್ಲಬ್ಬು ಇದು!"

"ಗೊತ್ತು. ಅದಕ್ಕೇ ಅವರು ಮೂರು ವರ್ಷ ಉಗುಳು ಒರೆಸಿಕೊಂಡರು. ನಂಗೆ ಕ್ಲಬ್ಬಿಲ್ಲ, ಗಂಡ ಇದ್ದ."

ಅವಳು ಜನರ ನಡುವೆ ಹಾದು, ಚರ್ಚಿನೊಳಗಿನ ಆ ಕಡೆಯ ಕಂಬದ ಬಳಿಗೆ ನೇರ ನಡೆದಳು. ವಾಲ್ದೆಮಾರನ ಮಂಜುಗಡ್ಡೆಗೆ ಒಡೆದ ಕೈ ಹಿಡಿದು, ಪೆಟ್ಟಿಗೆಯ ಸಣ್ಣ ಕೀಲಿ ಇಟ್ಟು, ಬೆರಳು ಮಡಿಚಿದಳು.

"ನಾನು ಬೇಡ ಅಮ್ಮಾ," ಎಂದ ಅವನು. "ನಾನು ಅವರಿಗೆ..."

"ಗೊತ್ತು. ನಡಿ. ಬೀಗ ತೆಗೆದು ನೀನೇ ಹೇಳ್ಕೊ."

ಮೆರವಣಿಗೆ ಇಳಿಜಾರಿನಲ್ಲಿ ಹೊರಟಿತು. ಬೇಕರಿಯವಳು ತಲೆ ತಗ್ಗಿಸಿ ಬಂದು ಸೇರಿಕೊಂಡಳು, ಅಧ್ಯಕ್ಷರ ಕಾರು ಓಡಿಸುವವನೂ ಟೋಪಿ ತೆಗೆದು ಹಿಂದೆ ಬಂದ. ತಿರುವಿನಲ್ಲಿ ದೆಯೊಲಿಂದಾ ಒಂದು ಸಲ ತಿರುಗಿ ನೋಡಿದಳು. ಖಾಲಿ ಮೆಟ್ಟಿಲ ಮೇಲೆ ಸರ್ಮೆಂತೊ ಒಂದು ತೋಳಲ್ಲಿ ಬಾವುಟ ಹಿಡಿದು ನಿಂತಿದ್ದ. ಬೆಳ್ಳಿ ಬೂಟು ಹೊತ್ತ ಇನ್ನೊಂದು ಕೈ ಚಾಚಿದ್ದಂತೆಯೇ ಇತ್ತು, ಕ್ಯಾಮೆರಾದವನು ಅದರ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಬಾಗುತ್ತಿದ್ದ.