ಸಿದ್ದರಾಜುವಿನ ಎಡೆಗೆ ಕಾದಿಟ್ಟ ಹೊಗೆಸೊಪ್ಪು

“ಯಾರೇ ಹೇಳಿದ್ದು ನಿಂಗೆ ಇದ್ರ ಮುಚ್ಚಳ ತೆಗಿ ಅಂತ? ನಿನ್ ಕೈ ಸೇದೋಗ!”

“ಬೊಯ್ಬ್ಯಾಡ ಕಣಣ್ಣ. ಒಣಗೋಯ್ತದೆ ಅಂತ ವಸಿ ನೀರು ಚಿಮುಕಿಸ್ದೆ.”

“ನೀರಾ? ಹೊಗೆಸೊಪ್ಪಿಗೆ ನೀರಾ?”

ಚೆಲುವಯ್ಯನೂ ಅವನ ತಂಗಿ ಚಿಕ್ಕತಾಯಮ್ಮನೂ ಹೀಗೆ ಕಿತ್ತಾಡುತ್ತಿದ್ದಾಗ ನಡುವೆ ಬಾಯಿ ತೆರೆದು ಕೂತಿದ್ದೆ. ನಾನು ಒಂದು ಗಾಜಿನ ಜಾಡಿ.

ಕುಲುಮೆಯ ಬೆಂಕಿಯಲ್ಲಿ ಕರಗಿ, ಅಚ್ಚಿಗೆ ಬಿದ್ದು ಹುಟ್ಟಿದೆ. ಕೊರಳಿಗೆ ರಬ್ಬರ್ ಉಂಗುರ, ತಲೆಗೆ ತಂತಿಯ ಕೊಂಡಿ. ಮುಚ್ಚಿದರೆ ಗಾಳಿ ಆಡುವುದಿಲ್ಲ. ಮೊದಲು ಕೊಡಗಿನ ಕಾಫಿ ತೋಟದ ಬಂಗಲೆಯೊಂದರಲ್ಲಿ ಹಂದಿಮಾಂಸದ ಉಪ್ಪಿನಕಾಯಿ ಹೊತ್ತು ನಾರಿದೆ. ಅಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರು ಕೆಲಸ ಬಿಟ್ಟ ದಿನ ನನ್ನನ್ನೂ ತಾವು ಸೇದುತ್ತಿದ್ದ ಹಳೇ ಪೈಪನ್ನೂ ಕೂಲಿಗೆ ಬರುತ್ತಿದ್ದ ಸಿದ್ದರಾಜುವಿಗೆ ಕೊಟ್ಟರು.

ಸಿದ್ದರಾಜು ಚೆಲುವಯ್ಯನ ಕಿರಿಯ ತಮ್ಮ. ಪಿರಿಯಾಪಟ್ಟಣದ ಹತ್ತಿರದ ಅವರ ಊರಲ್ಲಿ, ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್ನಿಗೆ ಬೆಂಕಿ ಹಾಕುವವನು. ಅವನು ನನ್ನನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗಿಟ್ಟ. ಒಳ್ಳೇ ಎಲೆ ಆರಿಸಿ, ನರ ತೆಗೆದು, ಸಣ್ಣಗೆ ಹೆಚ್ಚಿದ. ಚಿಟಿಕೆ ಹಿಡಿದು ಒತ್ತಿ ನೋಡಿದ. ಅಂಟಲೂ ಇಲ್ಲ, ಪುಡಿಯಾಗಲೂ ಇಲ್ಲ. ಆಮೇಲೆ ನನ್ನ ಹೊಟ್ಟೆಗೆ ಅದುಮಿದ.

“ಮೂರು ವರ್ಷ ಇದ್ರ ತಂಟೆಗೆ ಹೋಗ್ಬ್ಯಾಡಿ. ಕತ್ಲಲ್ಲಿ ತಾನೇ ಹಣ್ಣಾಯ್ತದೆ. ಆಮೇಲೆ ಅಣ್ಣ, ಇಬ್ರೂ ಕೂತ್ಕೊಂಡು ಸೇದೋಣ,” ಅಂದ.

ಮರುವರ್ಷ ಬ್ಯಾರನ್ನಿನ ಮೇಲುಗಳುವಿಗೆ ಸೊಪ್ಪು ಕಟ್ಟುವಾಗ ಜಾರಿಬಿದ್ದ. ಮತ್ತೆ ಏಳಲಿಲ್ಲ.

ಮಾರ್ನಮಿಯಲ್ಲಿ ಆ ಕಡೆಯವರು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಕುಡಿಯುತ್ತಿದ್ದವರಿಗೆ ಹೆಂಡ, ಸೇದುತ್ತಿದ್ದವರಿಗೆ ಬೀಡಿ. ಸೊಪ್ಪಿಗೆ ಮೂರು ವರ್ಷ ತುಂಬುವ ಮಾರ್ನಮಿಗೆ ತಮ್ಮ ಮಾಡಿದ ಸೊಪ್ಪನ್ನೇ ಅವನ ಪೈಪಿಗೆ ತುಂಬಿ ಇಡಬೇಕೆಂದು ಚೆಲುವಯ್ಯ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟ. ಆಸೆಯಾದರೂ ಒಮ್ಮೆಯೂ ತೆರೆಯಲಿಲ್ಲ.

ತೆರೆದವಳು ಚಿಕ್ಕತಾಯಮ್ಮ. ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುತ್ತಿದ್ದಳು. ನೀರು ಕಾಣದ ಎಲೆ ಬಾಡುತ್ತದೆ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಣ್ಣ ಹೊಲಕ್ಕೆ ಹೋದಾಗ ಬಂದು, ವೀಳ್ಯದೆಲೆಗೆ ಚಿಮುಕಿಸಿದ ಹಾಗೆಯೇ ಬೆರಳು ಅದ್ದಿ ಚಿಮುಕಿಸುತ್ತಿದ್ದಳು. “ಕುಡಿಯಪ್ಪಾ, ಬಾಯಾರಿರ್ತೀಯ,” ಎಂದು ಪಿಸುಗುಡುತ್ತಿದ್ದಳು. ಮತ್ತೆ ಬಿಗಿಯಾಗಿ ಕೊಂಡಿ ಹಾಕುತ್ತಿದ್ದಳು. ನೀರು ಹೊರಗೆ ಹೋಗಲು ದಾರಿಯಿಲ್ಲ. ನನ್ನೊಳಗೆ ಹತ್ತಿಯಂತೆ ಬೂಷ್ಟು ಬೆಳೆಯಿತು. ನಾನು ಕೂಗಲಾರೆ.

ಮಾರ್ನಮಿಯ ದಿನ ಎಡೆಯ ಮುಂದೆ ಚೆಲುವಯ್ಯ ಕೊಂಡಿ ಎತ್ತಿದ. ಮುಗ್ಗಲು ನಾತ ಮನೆಯೆಲ್ಲ ತುಂಬಿತು. ಜಗಳ ಶುರುವಾದದ್ದು ಆಗ.

“ಸತ್ತೋನ್ನ ಇನ್ನೊಂದ್ಸಲ ಸಾಯಿಸ್ಬುಟ್ಟೆ ಕಣೇ!”

“ನಂಗೂ ತಮ್ಮನೇ ಕಣಣ್ಣ ಅವ್ನು. ಸೊಂಟದ ಮೇಲೆ ಹೊತ್ತು ಸಾಕಿದ್ದು ಯಾರು, ನೀನಾ?”

“ಎದ್ದೋಗು! ಅವ್ನ ಎಡೆ ಮುಂದೆ ನಿಲ್ಬ್ಯಾಡ!”

ಈಗ ಅಟ್ಟದ ಮೇಲೆ ಖಾಲಿ ಕೂತಿದ್ದೇನೆ, ರಬ್ಬರ್ ಹರಿದಿದೆ. ಚೆಲುವಯ್ಯನ ಮೇಲೆ ನನಗಿನ್ನೂ ಸಿಟ್ಟಿದೆ. ಎದ್ದೋಗು ಅನ್ನುವ ಆ ಒಂದು ಮಾತು ಆಡಬಾರದಿತ್ತು.

ಆ ದಿನ ಅದನ್ನು ಕೇಳಿದ್ದೇ ಚಿಕ್ಕತಾಯಮ್ಮ ಎಡೆಗೆ ಕೈಮುಗಿದಳು. ಉಣ್ಣದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲು ದಾಟಿದಳು.

“ಎಲ್ಲೋಯ್ತಾಳೆ, ಹೊತ್ತು ಮುಳುಗೋದ್ರೊಳ್ಗೆ ಬತ್ತಾಳೆ,” ಎಂದ ಚೆಲುವಯ್ಯ, ಅವಳ ಪಾಲಿನ ಅನ್ನ ಮುಚ್ಚಿಟ್ಟ.

ಬರಲಿಲ್ಲ. ಮುಂದಿನ ಮಾರ್ನಮಿಗೂ ಬರಲಿಲ್ಲ.